ನಿನ್ನೆ ಸಾಕಾದದ್ದು ಇಂದು ಸಾಲದು

ಗಸಗಸೆ ಪಾಯಸ ಉಂಡ ಮಧ್ಯಾಹ್ನ ಕಣ್ಣೆಳೆಯುವುದು ಊಟದ ಭಾರದಿಂದಲೋ ಗಸಗಸೆಯಿಂದಲೋ ಎಂಬುದು ನಮ್ಮ ಮನೆಗಳ ಹಳೆಯ ಚರ್ಚೆ. ಗೃಹಿಣಿಯರು ಗಾಬರಿಪಡಬೇಕಾಗಿಲ್ಲ. ಅಫೀಮು ಅದೇ ಗಿಡದ್ದಾದರೂ ಅದು ಇರುವುದು ಬೀಜದಲ್ಲಲ್ಲ, ಹಸಿ ಕಾಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಸಂಸ್ಕೃತ ಪಂಡಿತರು ಅದನ್ನು ‘ಅಹಿಫೇನ’, ಅಂದರೆ ಹಾವಿನ ನೊರೆ, ಎಂದು ಕರೆದರು. ಪರದೇಶದ ಶಬ್ದಕ್ಕೆ ಮಡಿ ಉಡಿಸಿದಂತೆ ಕಾಣುವ ಹೆಸರು, ಆದರೂ ಒಪ್ಪುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸರ್ಟ್ಯೂರ್ನರ್ ಎಂಬ ತರುಣ ಔಷಧಕಾರನು ಆ ಹಾಲಿನಿಂದ ಮಾರ್ಫೀನನ್ನು ಬೇರ್ಪಡಿಸಿದನು. ಕಠಿಣವಾದ ನೋವಿಗೆ ವೈದ್ಯರು ಇಂದಿಗೂ ಅದನ್ನೇ ನೆಚ್ಚುತ್ತಾರೆ.

ಆದರೆ ಮೊದಮೊದಲು ಸಾಕಾಗುತ್ತಿದ್ದ ಪ್ರಮಾಣ ಕೆಲವು ವಾರಗಳ ಮೇಲೆ ಸಾಲದೆ ಹೋಗುವುದುಂಟು. ಇದನ್ನು ರೋಗಿಯ ಮನೋದೌರ್ಬಲ್ಯವೆಂದು ಹಳಿಯುವುದು ಸುಲಭ. ನಿಜವಾದ ಕಾರಣವಿರುವುದು ಜೀವಕೋಶದಲ್ಲಿ.

1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅವರು, ಅಫೀಮಿನ ಸಾರ ಬಂದು ಕೂಡುವ ತಾಣಗಳು ಮಿದುಳಿನಲ್ಲಿವೆಯೆಂದು ತೋರಿಸಿದರು. ಇವಕ್ಕೆ ‘ಗ್ರಾಹಕ’ಗಳೆಂದು ಹೆಸರು, ಜವಳಿ ಅಂಗಡಿಯ ಗಿರಾಕಿಯನ್ನು ನೆನೆಯಬಾರದು, ಅಷ್ಟೆ. ಎಲ್ಲಿಯೋ ಬೆಳೆಯುವ ಗಿಡದ ರಸಕ್ಕಾಗಿ ನಮ್ಮ ಮಿದುಳು ಪೀಠ ಹಾಕಿ ಕಾದಿರುವುದೇಕೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಇದಕ್ಕೆ ಉತ್ತರ ಕೊಟ್ಟರು. ದೇಹವೇ ತನ್ನದೊಂದು ನೋವುಶಾಮಕವನ್ನು, ಎನ್ಕೆಫಲಿನನ್ನು, ತಯಾರಿಸುತ್ತದೆ. ಪೀಠ ಅದರದು, ಮಾರ್ಫೀನು ಕರೆಯದೆ ಬಂದ ಅತಿಥಿ.

ಎನ್ಕೆಫಲಿನ್ ಬಂದ ಕೆಲಸ ಮುಗಿಸಿ ಬೇಗನೆ ಅಳಿಯುತ್ತದೆ. ಮಾರ್ಫೀನು ಗಂಟೆಗಟ್ಟಲೆ ಕುಳಿತೇ ಇರುತ್ತದೆ. ಆಗ ಕೋಶದೊಳಗಿನ ಒಂದು ಕಿಣ್ವವು ಗ್ರಾಹಕದ ಬಾಲಕ್ಕೆ ಫಾಸ್ಫೇಟಿನ ಗುರುತು ಹಚ್ಚುತ್ತದೆ. ಗುರುತನ್ನು ಕಂಡು ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಂಟಿಕೊಂಡು, ಸುದ್ದಿ ಒಳಗೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಕೆಲವೊಮ್ಮೆ ಗ್ರಾಹಕವನ್ನೇ ಕೋಶವು ಒಳಗೆ ಸೆಳೆದುಕೊಳ್ಳುವುದುಂಟು. ಹಾಗೆ ಹೋದವುಗಳಲ್ಲಿ ಕೆಲವು ಹೊಸತಾಗಿ ಮರಳುತ್ತವೆ, ಕೆಲವು ಅಲ್ಲಿಯೇ ನಾಶವಾಗುತ್ತವೆ.

ಇಷ್ಟೇ ಆಗಿದ್ದರೆ ಕಥೆ ಸರಳ. ಮಾರ್ಫೀನು ಕೋಶದ ಚಟುವಟಿಕೆಯನ್ನು ತಗ್ಗಿಸಿದಷ್ಟೂ ಕೋಶವು ಒಳಗಿನ ಯಂತ್ರವನ್ನು ಇನ್ನಷ್ಟು ಬಿರುಸುಗೊಳಿಸಿ ಸರಿದೂಗಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬಂಡಿಯನ್ನು ಜಗ್ಗಿ ಹಿಡಿದವನಂತೆ. ಔಷಧ ಒಮ್ಮೆಲೇ ನಿಂತರೆ ಆ ಜಗ್ಗಾಟವೆಲ್ಲ ತಿರುಗಿ ಬೀಳುತ್ತದೆ: ಬೆವರು, ನಡುಕ, ಭೇದಿ, ನಿದ್ರೆಗೇಡು. ಆದುದರಿಂದ ಮಾರ್ಫೀನನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಹೀಗೆ ಮಂಕಾದ ಕೋಶ ಹಾಗೆಯೇ ಉಳಿಯುವುದಿಲ್ಲ. ಔಷಧವಿಲ್ಲದೆ ದಿನಗಳೂ ವಾರಗಳೂ ಕಳೆದಂತೆ ಅದರ ಸೂಕ್ಷ್ಮತೆ ಮರಳುತ್ತದೆ. ಚಟ ಬಿಟ್ಟು, ಚಿಕಿತ್ಸೆ ಮುಗಿಸಿ ಮನೆಗೆ ಬಂದವನು ಒಂದು ದುರ್ಬಲ ಗಳಿಗೆಯಲ್ಲಿ ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹಿಂದೆ ತಾಳಿದ ದೇಹ ಇಂದು ತಾಳದು. ಬಂಧುಗಳು ಸಮಾಧಾನದ ನಿಟ್ಟುಸಿರು ಬಿಟ್ಟ ದಿನಗಳೇ ಅಪಾಯದ ದಿನಗಳು.

ಇನ್ನೊಂದೆಡೆ, ಕ್ಯಾನ್ಸರಿನಿಂದ ನರಳುವ ಹಿರಿಯರಿಗೆ ವೈದ್ಯರು ಮಾರ್ಫೀನು ಬರೆದುಕೊಟ್ಟಾಗ, “ಚಟ ಹತ್ತೀತು” ಎಂದು ಮಕ್ಕಳೇ ತಡೆಯುವುದುಂಟು. ಇದು ನನಗೆ ಕ್ರೌರ್ಯವೆಂದೇ ತೋರುತ್ತದೆ. ಪ್ರಮಾಣ ಏರಿಸಬೇಕಾಗಿ ಬರುವುದು ಕೋಶದ ಹೊಂದಾಣಿಕೆಯಿಂದ, ಎಷ್ಟೋ ವೇಳೆ ರೋಗವೇ ಬೆಳೆದುದರಿಂದ, ಅದೊಂದೇ ಚಟವಲ್ಲ. ನಮ್ಮ ದೇಶದ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಆಸ್ಪತ್ರೆಗಳಿಗೇ ಮಾರ್ಫೀನು ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಕಾನೂನು ಸಡಿಲಿಸಿದುದನ್ನು ಮನೆಯವರು ಬಿಗಿಯುವುದು ತರವೆ?

ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲವೆಂಬುದು ಇನ್ನೊಂದು ವಿಚಿತ್ರ. ಮೊದಲ ದಿನಗಳ ತೂಕಡಿಕೆಯೂ ವಾಕರಿಕೆಯೂ ಸಾಮಾನ್ಯವಾಗಿ ತಗ್ಗುತ್ತವೆ. ಕರುಳು ಮಾತ್ರ ಜಪ್ಪಯ್ಯ ಎನ್ನದು. ಎಷ್ಟು ತಿಂಗಳಾದರೂ ಮಲಬದ್ಧತೆ ಬಿಡುವುದಿಲ್ಲವಾದ್ದರಿಂದ, ಬಲ್ಲ ವೈದ್ಯರು ಮಾರ್ಫೀನಿನ ಚೀಟಿಯಲ್ಲಿ ಮೊದಲ ದಿನವೇ ವಿರೇಚಕವನ್ನೂ ಸೇರಿಸಿರುತ್ತಾರೆ.