ದಾಳ ಉರುಳಿದ ಮೇಲೆ

ಮೈದಾನವಿಲ್ಲದೆ ಬೇಸ್‌ಬಾಲ್ ಆಡಬಹುದೇ? ಅಮೆರಿಕದಲ್ಲಿ ಹಾಲ್ ರಿಚ್‌ಮನ್ 1961ರಲ್ಲಿ ಹೊರತಂದ 'ಸ್ಟ್ರ್ಯಾಟ್-ಒ-ಮ್ಯಾಟಿಕ್' ಅಂಥದೊಂದು ಆಟ. ಆಟಗಾರರ ನಿಜವಾದ ಸಾಧನೆಯ ಅಂಕಿಸಂಖ್ಯೆಗಳಿಂದ ಒಬ್ಬೊಬ್ಬರಿಗೂ ಒಂದು ಕಾರ್ಡು ತಯಾರಿಸಿರುತ್ತಾರೆ. ತಂಡ ಕಟ್ಟಿಕೊಂಡು ಮೂರು ದಾಳ ಉರುಳಿಸಬೇಕು. ಒಂದರಲ್ಲಿ 1ರಿಂದ 3 ಬಿದ್ದರೆ ದಾಂಡಿಗನ ಕಾರ್ಡು, 4ರಿಂದ 6 ಬಿದ್ದರೆ ಎಸೆತಗಾರನ ಕಾರ್ಡು. ಉಳಿದೆರಡರ ಮೊತ್ತ ಕಾರ್ಡಿನ ಯಾವ ಸಾಲು ಎಂದು ತಿಳಿಸುತ್ತದೆ. ಮೊತ್ತ 7 ಬರಲು 36ರಲ್ಲಿ 6 ದಾರಿಗಳಿವೆ. 2 ಬರಲು ಒಂದೇ ದಾರಿ.

ಇಬ್ಬರು ಗೆಳೆಯರು 162 ಪಂದ್ಯಗಳ ಮೊದಲ ಋತು ಮುಗಿಸಿದರೆನ್ನೋಣ. ಒಬ್ಬನಿಗೆ 75 ಗೆಲುವು, ಇನ್ನೊಬ್ಬನಿಗೆ 87. ಎರಡನೆಯವನೇ ಜಾಣನೇ? ಅವಸರ ಬೇಡ. ಪ್ರತಿ ಪಂದ್ಯವೂ ಸಮಬಲದ್ದಾದರೆ ಸರಾಸರಿ ಗೆಲುವು 81. 162ರ ಕಾಲುಭಾಗದ ವರ್ಗಮೂಲ ತೆಗೆಯಿರಿ: ಸುಮಾರು 6.4. ಬರೀ ಅದೃಷ್ಟವೇ ಅಷ್ಟು ಪಂದ್ಯಗಳನ್ನು ಅತ್ತಿತ್ತ ಮಾಡಬಲ್ಲದು!

ಆದ್ದರಿಂದ ಗೆಲುವಿನ ಜೊತೆಗೆ ನಿರ್ಧಾರಗಳನ್ನೂ ತೂಗಿ ನೋಡಬೇಕು. ಎಡಗೈ ಎಸೆತಗಾರನೆದುರು ಬಲಗೈ ದಾಂಡಿಗನನ್ನು ಇಳಿಸಿದೆನೇ? ದಣಿದ ಎಸೆತಗಾರನನ್ನು ಸಕಾಲದಲ್ಲಿ ಬದಲಿಸಿದೆನೇ? ದಾಳ ನಮ್ಮ ಮಾತು ಕೇಳದು. ನಿರ್ಧಾರ ಮಾತ್ರ ನಮ್ಮದು.

ತಂದೆತಾಯಿಯರೇ, ಒಂದು ಪರೀಕ್ಷೆಯ ಅಂಕವೂ ಒಂದು ಋತುವಿದ್ದಂತೆ. 'ಎಷ್ಟು ಬಂತು?' ಎನ್ನುವ ಮೊದಲು 'ಹೇಗೆ ಓದಿದೆ?' ಎಂದು ಕೇಳಿ.

ವಿದ್ಯಾರ್ಥಿಗಳೇ, ಒಂದು ನಾಣ್ಯವನ್ನು 162 ಸಲ ಚಿಮ್ಮಿ, ಎಷ್ಟು ಸಲ ತಲೆ ಬಿತ್ತೆಂದು ಬರೆದಿಡಿ. ಮರುದಿನ ಅದೇ ನಾಣ್ಯವನ್ನು ಮತ್ತೆ 162 ಸಲ ಚಿಮ್ಮಿ. ಎರಡು ದಿನದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಾಣ್ಯವೇನೂ ಬದಲಾಗಿಲ್ಲವಲ್ಲ!