ಅಂತ್ಯಸೇವೆಗೂ ಬೇಕು ಒಂದು ಸನ್ನದು

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಬಲ್ಲವರು ಸುಡುಗಾಡಿನ ಪ್ರಸಂಗವನ್ನು ಮರೆಯಲಾರರು. ಮಗನ ಶವವನ್ನು ಹೊತ್ತು ತಂದ ಚಂದ್ರಮತಿಯಿಂದಲೂ ಹರಿಶ್ಚಂದ್ರನು ಸ್ಮಶಾನದ ಸುಂಕವನ್ನು ಕೇಳುತ್ತಾನೆ. ಅದನ್ನು ಸತ್ಯನಿಷ್ಠೆಯ ಪರಾಕಾಷ್ಠೆಯೆಂದು ಕೊಂಡಾಡುವುದು ವಾಡಿಕೆ. ಆದರೆ ಆ ಪ್ರಸಂಗದಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಅಲ್ಲಿ ಗೊತ್ತುಪಡಿಸಿದ ದರವೊಂದಿತ್ತು. ಆ ದರಕ್ಕೂ ಆ ಕಾರ್ಯಕ್ಕೂ ಹೊಣೆಗಾರನಾದ ಒಬ್ಬ ಮನುಷ್ಯನಿದ್ದನು.

ಊರಿನಲ್ಲಾದರೆ ಸಾವಿನ ಮನೆಗೆ ಯಾರನ್ನೂ ಕರೆಯಬೇಕಾಗಿಲ್ಲ. ನೆರೆಕರೆಯವರು ತಾವಾಗಿಯೇ ಬಂದು ಚಟ್ಟ ಕಟ್ಟುತ್ತಾರೆ, ಸೌದೆ ಒಟ್ಟುತ್ತಾರೆ, ಹೆಗಲು ಕೊಡುತ್ತಾರೆ. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡಿಗನ ಪಾಲಿಗೆ ಆ ನೆರೆಕರೆ ದೂರವಾಗಿದೆ. ನಡುರಾತ್ರಿ ಆಸ್ಪತ್ರೆಯಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿದರೆ, ಶವವಾಹನ, ಮಂಜುಗಡ್ಡೆ, ಸಾಮಗ್ರಿ, ಕಾಗದಪತ್ರ ಎಲ್ಲಕ್ಕೂ ಅಪರಿಚಿತರ ಕೈ ಹಿಡಿಯಬೇಕು. ದುಃಖದಲ್ಲಿರುವವರು ಚೌಕಾಶಿ ಮಾಡಲಾರರು, ನಾಲ್ಕು ಕಡೆ ವಿಚಾರಿಸಿ ನೋಡಲಾರರು. ಈ ವೃತ್ತಿಗೆ ಸರಕಾರದ ಕಣ್ಗಾವಲು ಅಗತ್ಯವೆನ್ನಲು ಇದೊಂದೇ ಕಾರಣ ಸಾಕು.

ಕಾನೂನು ಇಲ್ಲವೇ ಇಲ್ಲವೆಂದಲ್ಲ. 1888ರ ಮುಂಬಯಿ ನಗರಪಾಲಿಕೆಯ ಕಾಯಿದೆಯು ಸ್ಮಶಾನಗಳನ್ನು ನೋಂದಾಯಿಸಬೇಕೆಂದು ವಿಧಿಸಿದೆ. 1969ರ ಜನನ ಮರಣ ನೋಂದಣಿ ಕಾಯಿದೆಯು ಸ್ಮಶಾನದ ಮೇಲ್ವಿಚಾರಕನ ಮೇಲೂ ಮರಣವನ್ನು ತಿಳಿಸುವ ಹೊಣೆಯನ್ನು ಹೊರಿಸಿದೆ. ಹೀಗೆ ನೆಲಕ್ಕೆ ನೋಂದಣಿಯುಂಟು, ಮರಣಕ್ಕೆ ನೋಂದಣಿಯುಂಟು. ಈ ಎರಡರ ನಡುವೆ ಶವವನ್ನು ಮುಟ್ಟಿ, ಸಾಗಿಸಿ, ಸಂಸ್ಕರಿಸುವ ವೃತ್ತಿಗೆಂದೇ ದೇಶವ್ಯಾಪಿಯಾದ ಪರವಾನಗಿಯ ಕಾಯಿದೆ ಮಾತ್ರ ಇಲ್ಲ. 2021ರ ಕೋವಿಡ್ ಅಲೆಯಲ್ಲಿ ಶವ ಸಾಗಣೆಗೆ ಬಾಯಿಗೆ ಬಂದಷ್ಟು ಹಣ ಕೇಳಿದ ದೂರುಗಳು ಹಲವು ನಗರಗಳಿಂದ ಕೇಳಿಬಂದವು. ಆ ವರ್ಷದ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ಮೃತರ ಘನತೆಯ ರಕ್ಷಣೆಗೆ ಪ್ರತ್ಯೇಕ ಕಾಯಿದೆಯಾಗಬೇಕೆಂದೂ ಶವವಾಹನದ ದರಗಳನ್ನು ನಿಯಂತ್ರಿಸಬೇಕೆಂದೂ ಸರಕಾರಗಳಿಗೆ ಸಲಹೆ ನೀಡಿತು.

ಇದು ಕೇವಲ ಹಣದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ಶವವನ್ನು ವಿಮಾನದಲ್ಲಿ ಊರಿಗೆ ಒಯ್ಯಬೇಕಾದರೆ ಅದು ಕೆಡದಂತೆ ಫಾರ್ಮಲಿನ್ ತುಂಬಿಸಬೇಕಾಗುತ್ತದೆ. ಈ ದ್ರಾವಣದಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ನಿರ್ಣಯಿಸಿತು. ಅದನ್ನು ದಿನವೂ ಬಳಸುವವನಿಗೆ ಗಾಳಿಯಾಡುವ ಕೋಣೆ, ಕೈಗವಸು, ತರಬೇತಿ ಬೇಡವೇ? ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್ ದೇಹದಲ್ಲಿ ಉಳಿದರೆ ಚಿತಾಗಾರದ ಉರಿಯಲ್ಲಿ ಅದು ಸಿಡಿಯಬಲ್ಲದು. ಅದನ್ನು ಮೊದಲೇ ತೆಗೆಸಿದ್ದೀರಾ ಎಂದು ಕೇಳುವ ತಿಳಿವಳಿಕೆ ಕೆಲಸಗಾರನಿಗೆ ಯಾರಾದರೂ ಕಲಿಸಿದರಲ್ಲವೆ ಬಂದೀತು!

ಪರವಾನಗಿಯನ್ನು ಕಿತ್ತೊಗೆದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕೊಲರಾಡೊ ರಾಜ್ಯವೇ ಸಾಕ್ಷಿ. ಅಲ್ಲಿ 1983ರಲ್ಲಿ ಈ ವೃತ್ತಿಯ ಪರವಾನಗಿಯನ್ನು ರದ್ದುಗೊಳಿಸಿದರು. 2023ರಲ್ಲಿ ಒಂದು ಅಂತ್ಯಕ್ರಿಯಾ ಸಂಸ್ಥೆಯ ಕಟ್ಟಡದಲ್ಲಿ ಸುಮಾರು 190 ಶವಗಳು ಕೊಳೆಯುತ್ತಿರುವುದು ಬೆಳಕಿಗೆ ಬಂತು. ಕೆಲವು ಕುಟುಂಬಗಳಿಗೆ ಚಿತಾಭಸ್ಮವೆಂದು ಕಾಂಕ್ರೀಟಿನ ಪುಡಿಯನ್ನು ಕೊಟ್ಟಿದ್ದರು. 2024ರಲ್ಲಿ ಆ ರಾಜ್ಯ ಮತ್ತೆ ಕಾಯಿದೆ ಮಾಡಿ, 2027ರಿಂದ ಪರವಾನಗಿ ಕಡ್ಡಾಯವೆಂದು ಗೊತ್ತುಪಡಿಸಿತು.

ಆದರೆ ಪರವಾನಗಿಯೇ ಸರ್ವರೋಗಕ್ಕೂ ಮದ್ದೆಂದು ತಿಳಿಯುವುದೂ ತಪ್ಪು. ಅದೇ ದೇಶದ ಲೂಯಿಸಿಯಾನ ರಾಜ್ಯದಲ್ಲಿ ಪರವಾನಗಿ ಪಡೆದವರ ಹೊರತು ಯಾರೂ ಶವಪೆಟ್ಟಿಗೆ ಮಾರಕೂಡದೆಂಬ ನಿಯಮವಿತ್ತು. ಮರದ ಸರಳ ಪೆಟ್ಟಿಗೆಗಳನ್ನು ಮಾಡಿ ಮಾರಹೊರಟ ಕ್ರೈಸ್ತ ಮಠದ ಸನ್ಯಾಸಿಗಳನ್ನು ಆ ನಿಯಮ ತಡೆಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಜನರ ರಕ್ಷಣೆಗೆಂದು ಹುಟ್ಟಿದ ಸನ್ನದು ಕೆಲವರ ಏಕಸ್ವಾಮ್ಯಕ್ಕೆ ಬೇಲಿಯಾಗಬಲ್ಲದೆಂಬುದು ಇದರ ಪಾಠ.

ಭಾರತದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಇಲ್ಲಿ ಮಸಣದ ಕೆಲಸವನ್ನು ತಲೆತಲಾಂತರದಿಂದ ಜಾತಿಯ ಹೆಸರಿನಲ್ಲಿ ಬಡವರ ಹೆಗಲಿಗೇರಿಸಿ, ಅವರನ್ನೇ ದೂರವಿಟ್ಟ ಸಮಾಜ ನಮ್ಮದು. ದುಬಾರಿ ಶುಲ್ಕ, ಪರೀಕ್ಷೆ, ಇಂಗ್ಲಿಷ್ ಅರ್ಜಿಗಳ ಪರವಾನಗಿ ಬಂದರೆ ಅದು ದೊಡ್ಡ ಬಂಡವಾಳದವರ ಕೈ ಸೇರೀತು. ಚಿತೆಯ ಉರಿಗೆ ಮೈಯೊಡ್ಡಿದವನು ಹೊರಗುಳಿದಾನು. ಆದ್ದರಿಂದ ಸನ್ನದು ಹಗುರವಾಗಿರಲಿ. ಶುಲ್ಕವಿಲ್ಲದ ತರಬೇತಿ, ಗುರುತಿನ ಚೀಟಿ, ರೋಗನಿರೋಧಕ ಲಸಿಕೆ, ನ್ಯಾಯವಾದ ವೇತನ ಇವು ಕೆಲಸಗಾರನಿಗೆ ದೊರೆಯಲಿ. ದರಪಟ್ಟಿ ಆಸ್ಪತ್ರೆಯ ಶವಾಗಾರದ ಬಾಗಿಲಲ್ಲೇ ಜನರಾಡುವ ಭಾಷೆಗಳಲ್ಲಿ ತೂಗಲಿ. ಕೊಟ್ಟ ಹಣಕ್ಕೆ ರಸೀದಿ, ತಪ್ಪಿಗೆ ದಂಡ, ದೂರಿಗೆ ಒಬ್ಬ ಅಧಿಕಾರಿ ಇರಲಿ. ಮಂತ್ರ, ಪ್ರಾರ್ಥನೆ, ಕುಲಾಚಾರಗಳ ಗೊಡವೆ ಸರಕಾರಕ್ಕೆ ಬೇಡ. ಹೆಗಲು ಕೊಡುವ ಬಂಧುಮಿತ್ರರಿಂದ ಯಾವ ಪರವಾನಗಿಯನ್ನೂ ಕೇಳಕೂಡದು.

ಕಾಯಿದೆ ಬರುವವರೆಗೆ ಕನ್ನಡ ಸಂಘಗಳು ಕೈಕಟ್ಟಿ ಕೂರಬೇಕಾಗಿಲ್ಲ. ಆಯಾ ಬಡಾವಣೆಯ ಸ್ಮಶಾನ, ಪಾಲಿಕೆಯ ಶವವಾಹನ, ಅವುಗಳ ದರ, ಬೇಕಾಗುವ ಕಾಗದಪತ್ರಗಳ ವಿವರವನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸುವುದು ಕಷ್ಟವೇನಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದನ್ನೂ ಅದರಲ್ಲಿ ಬರೆಯಬಹುದು. ಸಾವಿನ ಮಾತು ಅಮಂಗಳವೆಂದು ಸುಮ್ಮನಿರುವುದರಿಂದ ಸಾವು ತಪ್ಪುವುದಿಲ್ಲ. ಇದ್ದವರ ಸಂಕಟವಾದರೂ ಇದರಿಂದ ತುಸು ಕಡಿಮೆಯಾದೀತು.