ಗರ್ಭಕೋಶ ತೆಗೆದ ಮೇಲೆ ಯಾರೂ ಕೇಳದ ಪ್ರಶ್ನೆ

ನಮ್ಮ ಹೆಂಗಸರಿಗೆ ಗರ್ಭಕೋಶದ ಆಪರೇಷನ್ ಆದರೆ ನೆಂಟರು ಹಣ್ಣು ಹಿಡಿದು ಬರುತ್ತಾರೆ, 'ಇನ್ನು ತಿಂಗಳ ತೊಂದರೆ ಇಲ್ಲ ಬಿಡು' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅಂಡಾಶಯಗಳನ್ನೂ ತೆಗೆದರೋ, ಉಳಿಸಿದರೋ ಎಂದು ಕೇಳುವವರೇ ಇಲ್ಲ. ಕರಾವಳಿಯಲ್ಲೂ ಇದೇ ಕಥೆ, ವ್ಯಾಪಾರಕ್ಕೆಂದು ಬಂದು ನಾವು ನೆಲೆಸಿರುವ ಚನ್ನಪಟ್ಟಣ ತಾಲೂಕಿನ ಬೈರಾಪಟ್ಟಣದಲ್ಲೂ ಇದೇ ಕಥೆ.

ಎರಡಕ್ಕೂ ತುಂಬ ವ್ಯತ್ಯಾಸವಿದೆ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯಗಳು ಕೆಲಸ ಮಾಡುತ್ತಲೇ ಇರುತ್ತವೆ. ಎರಡೂ ಅಂಡಾಶಯ ಹೋದರೆ ಈಸ್ಟ್ರೋಜನ್ ಹಾರ್ಮೋನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ನಮ್ಮ ದೇಶದಲ್ಲಿ 46-47ರ ಸುಮಾರಿಗೆ ನಿಧಾನವಾಗಿ ಬರುವ ಬದಲಾವಣೆ 38ರ ಹೆಂಗಸಿನ ಮೇಲೆ ಒಮ್ಮೆಲೇ ಬೀಳುತ್ತದೆ. ಮೈ ಉರಿ, ಬೆವರು, ನಿದ್ದೆ ಇಲ್ಲ, ಸಿಡುಕು. ಮನೆಯವರು ನೀರು ಊದಿಸಿ ತರುತ್ತಾರೆ. ದುಆ ಇರಲಿ, ಡಾಕ್ಟರ ಹತ್ತಿರವೂ ಹೋಗಬೇಕಲ್ಲವೇ? ಹೊರಗೆ ಕಾಣದ ನಷ್ಟ ಇನ್ನೂ ದೊಡ್ಡದು: ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ.

ಇದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ. 45ರ ಒಳಗೇ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ತಗೊಳ್ಳಿ ಎಂಬುದು ತಜ್ಞರ ಸಲಹೆ. 'ಕ್ಯಾನ್ಸರ್ ಬರುತ್ತೆ' ಎಂಬ ಭಯ ಹರಡಿದ್ದು 2002ರ ಅಮೆರಿಕದ ಅಧ್ಯಯನದಿಂದ. ಅದು ಗರ್ಭಕೋಶ ಇದ್ದ, 50 ದಾಟಿದ ಹೆಂಗಸರಿಗೆ ಎರಡು ಹಾರ್ಮೋನ್ ಸೇರಿಸಿ ಕೊಟ್ಟದ್ದರ ಫಲಿತಾಂಶ. ಅದೇ ಅಧ್ಯಯನದಲ್ಲಿ ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟಾಗ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಪಾರ್ಶ್ವವಾಯು ಮಾತ್ರ ಸ್ವಲ್ಪ ಹೆಚ್ಚಿತು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಲಿವರ್ ಕಾಯಿಲೆ ಇರುವವರ ವಿಚಾರ ಬೇರೆ. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಯೂ ಇದಲ್ಲ.

ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿ ವಿನಾಕಾರಣ ಗರ್ಭಕೋಶ ತೆಗೆದ ದೂರುಗಳು ರಾಜ್ಯಕ್ಕೇ ಗೊತ್ತು. ಇಂಥ ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಈಗಾಗಲೇ ಆಪರೇಷನ್ ಆದವರ ಗತಿ? ತಾಲೂಕು ಆಸ್ಪತ್ರೆಗಳಲ್ಲಿ ಅವರ ಮುಂದಿನ ತಪಾಸಣೆಗೂ ಒಂದು ದಿನ ಗೊತ್ತು ಮಾಡಬೇಕು.

ನಮ್ಮ ಕೈಯಲ್ಲಿರುವುದನ್ನು ನಾವೂ ಮಾಡೋಣ. ಆಪರೇಷನ್‌ಗೆ ಸಹಿ ಹಾಕುವ ಮುಂಚೆಯೇ 'ಅಂಡಾಶಯ ಯಾಕೆ ತೆಗೀತೀರಿ, ತೆಗೆದರೆ ಮುಂದೇನು' ಎಂದು ಕೇಳೋಣ. ಡಿಸ್ಚಾರ್ಜ್ ಚೀಟಿ ಎಸೆಯದೆ ಇಡೋಣ. ಗಂಡ ಗಲ್ಫ್‌ನಲ್ಲಿದ್ದರೆ ಮಗನೋ ತಮ್ಮನೋ ಜೊತೆಗೆ ಹೋಗಲಿ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ (ಸ) ಕಲಿಸಿದ್ದಾರೆ. ನಮ್ಮ ಉಮ್ಮಂದಿರ ಮೂಳೆ ಸವೆಯುತ್ತಿರುವಾಗ ನಾಚಿಕೆ ಎಂದು ಸುಮ್ಮನಿರುವುದು ಸರಿಯಲ್ಲ.